ಹಣೆಬರಹವೋ, ಹೊಣೆಗೇಡಿತನವೋ?

ತೊಗರಿ ಹೂ ಬಿಟ್ಟು ಕಾಯಿ ಕಟ್ಟುವ ಕಾಲ ಬಂತೆಂದರೆ ನಮ್ಮ ಜೇವರ್ಗಿ ಸೀಮೆಯ ದವಾಖಾನೆಗಳಿಗೆ ಒಂದು ಬಗೆಯ ರೋಗಿಗಳು ಬರತೊಡಗುತ್ತಾರೆ. ಮೈಯೆಲ್ಲ ಬೆವರು, ಬಾಯಲ್ಲಿ ಜೊಲ್ಲು, ಹೊಟ್ಟೆ ಹಿಂಡಿದಂಥ ನೋವು, ಉಸಿರಾಡಲು ತೊಂದರೆ. ಟಾರ್ಚು ಹಾಕಿ ನೋಡಿದರೆ ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗಿರುತ್ತದೆ. ಜತೆಗೆ ಬಂದವರನ್ನು ಕೇಳಿದರೆ ‘ಬಿಸಿಲು ಬಡದದ ರೀ ಸಾಹೇಬ್ರ’ ಎನ್ನುತ್ತಾರೆ. ರೋಗಿಯ ಅಂಗಿಯ ವಾಸನೆ ಬೇರೆಯೇ ಕಥೆ ಹೇಳುತ್ತಿರುತ್ತದೆ. ಮೂರನೆಯ ಸಲ ಕೇಳಿದ ಮೇಲೆ ನಿಜ ಹೊರಬೀಳುತ್ತದೆ: ‘ಗೌಡ್ರ ಹೊಲಕ್ಕ ಎಣ್ಣಿ ಹೊಡಿಲಾಕ ಹೋಗಿದ್ದ ರೀ.’ ಬೆಳೆಗೆ ಕೀಟನಾಶಕ ಸಿಂಪಡಿಸುವುದಕ್ಕೆ ನಮ್ಮ ಕಡೆ ಎಣ್ಣಿ ಹೊಡೆಯುವುದು ಎನ್ನುತ್ತಾರೆ. ಇದನ್ನು ಮೊದಲೇ ಹೇಳಬಾರದಿತ್ತೇ ಎಂದರೆ, ‘ಪೊಲೀಸ್ ಕೇಸ್ ಆಗ್ತದಂತ ಅಂಜಿಕಿ ರೀ’ ಎಂಬ ಉತ್ತರ.

ಬೇಗ ಬಂದರೆ, ಅಟ್ರೋಪಿನ್ ಚುಚ್ಚುಮದ್ದು ಸಕಾಲಕ್ಕೆ ಸಿಕ್ಕರೆ ಇಂಥವರಲ್ಲಿ ಬಹಳಷ್ಟು ಜನ ಉಳಿಯುತ್ತಾರೆ. ಕೆಲವರನ್ನು ಕಲಬುರಗಿಗೆ ಕಳಿಸಬೇಕಾಗುತ್ತದೆ. ವಾರಗಟ್ಟಲೆ ಆಸ್ಪತ್ರೆ, ಹೋದ ಕೂಲಿ, ತಂದ ಸಾಲ ಎಲ್ಲ ಸೇರಿ ಮನೆಯ ಲೆಕ್ಕ ತಲೆಕೆಳಗಾಗುತ್ತದೆ. ಆಗ ಮನೆಯವರು ಹೇಳುವ ಮಾತು ಒಂದೇ: ‘ಅಂವನ ಹಣೇಬರಹ ರೀ, ಯಾರಿಗಿ ಅಂದು ಏನು ಮಾಡಾದು?’

ಈ ವಾರ ಬರೆಯುತ್ತಿರುವುದು ಆ ಹಣೆಬರಹದ ಬಗ್ಗೆ. ನಾನು ವಕೀಲನಲ್ಲ. ಆದರೆ ಸಾಕ್ಷಿ ಹೇಳಲು ಆಗಾಗ ಕೋರ್ಟಿನ ಮೆಟ್ಟಿಲು ಹತ್ತುವ ವೈದ್ಯನಿಗೆ ಒಂದು ಸಂಗತಿ ಮನವರಿಕೆಯಾಗುತ್ತದೆ. ಜನ ಹಣೆಬರಹವೆಂದು ಕೈಬಿಡುವ ಎಷ್ಟೋ ಹಾನಿಗೆ ಕಾನೂನಿನಲ್ಲಿ ಬೇರೆಯೇ ಹೆಸರಿದೆ, ಮತ್ತು ಅದಕ್ಕೆ ಹೊಣೆಗಾರರೂ ಇರುತ್ತಾರೆ.

ಶಿಕ್ಷೆಯಲ್ಲ, ಭರ್ತಿ

ಆ ಹೆಸರು ‘ಟಾರ್ಟ್’. ಕನ್ನಡದಲ್ಲಿ ಇದನ್ನು ‘ಅಪಕೃತ್ಯ’ ಎಂದು ಕರೆಯುವುದುಂಟು. ಲ್ಯಾಟಿನ್ ಮೂಲದಲ್ಲಿ ಇದರ ಅರ್ಥ ತಿರುಚಿದ್ದು, ಅಂದರೆ ಸೊಟ್ಟದ್ದು. ನೆಟ್ಟಗೆ ನಡೆದುಕೊಳ್ಳಬೇಕಾದವರು ಸೊಟ್ಟಗೆ ನಡೆದು ಇನ್ನೊಬ್ಬರಿಗೆ ಹಾನಿಯಾದರೆ ಆ ಹಾನಿಯನ್ನು ಯಾರು ತುಂಬಿಕೊಡಬೇಕು? ಈ ಕಾನೂನಿನ ಮುಖ್ಯ ಪ್ರಶ್ನೆ ಇದೇ. ಕ್ರಿಮಿನಲ್ ಕಾನೂನು ತಪ್ಪಿತಸ್ಥನನ್ನು ಹಿಡಿದು ಜೈಲಿಗೆ ಕಳಿಸಲು ನೋಡುತ್ತದೆ. ಟಾರ್ಟ್ ಕಾನೂನು ನೊಂದವರ ಕಡೆ ತಿರುಗಿ, ಇವರನ್ನು ಹಾನಿಗೆ ಮುಂಚಿನ ಸ್ಥಿತಿಗೆ ದುಡ್ಡಿನಿಂದಾದರೂ ಎಷ್ಟರಮಟ್ಟಿಗೆ ತರಬಹುದು ಎಂದು ಲೆಕ್ಕ ಹಾಕುತ್ತದೆ. ಹೋದ ಕಾಲು ಬರುವುದಿಲ್ಲ. ಆದರೆ ಕಾಲಿಲ್ಲದವನ ಸಂಸಾರ ನಡೆಯಬೇಕಲ್ಲ.

ಹೊಸದೇನೋ ಹೇಳುತ್ತಿದ್ದೇನೆಂದು ಓದುಗರು ತಿಳಿಯಬೇಕಿಲ್ಲ. ಟಂಟಂ ಪಲ್ಟಿಯಾಗಿ ಕೈಕಾಲು ಮುರಿದರೆ ‘ಕ್ಲೇಮ್ ಹಾಕಬೇಕು’ ಎಂದು ಹಳ್ಳಿಯ ಹಿರಿಯರೂ ಹೇಳುತ್ತಾರೆ. ಆ ಕ್ಲೇಮು ಟಾರ್ಟಿನ ಮರಿಯೇ. ವಿಚಿತ್ರವೆಂದರೆ ರಸ್ತೆಯಲ್ಲಿ ಗೊತ್ತಿರುವ ಹಕ್ಕು ಹೊಲದಲ್ಲಿ, ಕಾರ್ಖಾನೆಯಲ್ಲಿ, ಆಸ್ಪತ್ರೆಯಲ್ಲಿ ನಮಗೆ ನೆನಪಾಗುವುದಿಲ್ಲ.

ಸಾಮಾನ್ಯವಾಗಿ ನ್ಯಾಯಾಲಯ ಮೊದಲು ನೋಡುವುದು, ಎದುರಾಳಿಗೆ ನಿಮ್ಮ ವಿಷಯದಲ್ಲಿ ಎಚ್ಚರ ವಹಿಸುವ ಹೊಣೆ ಇತ್ತೇ ಎಂಬುದನ್ನು. ಇದ್ದು, ಆ ಎಚ್ಚರ ತಪ್ಪಿದರೆ ಅದೇ ನಿರ್ಲಕ್ಷ್ಯ. ಆ ನಿರ್ಲಕ್ಷ್ಯದಿಂದಲೇ ನಿಮಗೆ ಹಾನಿಯಾಯಿತೆಂದು ತೋರಿಸಬೇಕು. ಕೊನೆಗೆ ಹಾನಿ ಎಷ್ಟೆಂದು ಹೇಳಬೇಕು. ಓದಲು ಸುಲಭ. ಆದರೆ ಬಹಳಷ್ಟು ದಾವೆಗಳು ‘ಅದರಿಂದಲೇ’ ಎಂಬ ಒಂದು ಪದದ ಹತ್ತಿರ ಮುಗ್ಗರಿಸುತ್ತವೆ. ಆ ಮಾತಿಗೆ ಮುಂದೆ ಬರುತ್ತೇನೆ.

ಎಚ್ಚರದ ಹೊಣೆ ಯಾರಿಗೆ ಯಾರ ಮೇಲೆ ಎಂಬುದಕ್ಕೆ ಒಂದು ಹಳೆಯ ಮೊಕದ್ದಮೆ ಇದೆ. 1928ರಲ್ಲಿ ಸ್ಕಾಟ್ಲೆಂಡಿನ ಪೇಸ್ಲಿ ಎಂಬ ಊರಿನ ಹೋಟೆಲಿನಲ್ಲಿ ಒಬ್ಬ ಹೆಂಗಸಿಗೆ ಅವಳ ಗೆಳತಿ ಶುಂಠಿ ಪಾನೀಯ ಕೊಡಿಸಿದಳು. ಅರ್ಧ ಕುಡಿದ ಮೇಲೆ ಬಾಟಲಿಯಿಂದ ಕೊಳೆತ ಬಸವನಹುಳು ಬಿತ್ತಂತೆ. ಅವಳು ಕಾಯಿಲೆ ಬಿದ್ದು ತಯಾರಕನ ಮೇಲೆ ದಾವೆ ಹೂಡಿದಳು. ದುಡ್ಡು ಕೊಟ್ಟು ಕೊಂಡವಳು ಗೆಳತಿ, ನಿನಗೂ ತಯಾರಕನಿಗೂ ಯಾವ ವ್ಯವಹಾರವೂ ಇಲ್ಲವಲ್ಲ ಎಂಬುದು ಎದುರು ವಾದ. 1932ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಆ ವಾದವನ್ನು ಒಪ್ಪಲಿಲ್ಲ. ನಿನ್ನ ಕೆಲಸದಿಂದ ಯಾರಿಗೆ ತೊಂದರೆಯಾದೀತೆಂದು ನೀನು ಮುಂಚಿತವಾಗಿ ಊಹಿಸಬಹುದೋ ಅವರೆಲ್ಲ ನಿನ್ನ ನೆರೆಯವರು, ಅವರ ವಿಷಯದಲ್ಲಿ ನೀನು ಎಚ್ಚರವಾಗಿರಬೇಕು ಎಂದಿತು. (ಹುಳು ನಿಜವಾಗಿ ಇತ್ತೋ ಇಲ್ಲವೋ ಕೊನೆಗೂ ಸಾಬೀತಾಗಲಿಲ್ಲ; ಪ್ರಕರಣ ರಾಜಿಯಲ್ಲಿ ಮುಗಿಯಿತು. ತತ್ವ ಮಾತ್ರ ಉಳಿಯಿತು.) ನಮ್ಮ ಕೂಲಿಯ ಆಳೂ ಕೀಟನಾಶಕದ ಡಬ್ಬಿಯನ್ನು ತಾನು ಕೊಂಡವನಲ್ಲ, ಕೊಂಡವರು ಹೊಲದ ಮಾಲೀಕರು. ಆದರೂ ಡಬ್ಬಿಯ ಮೇಲೆ ಸರಿಯಾದ ಎಚ್ಚರಿಕೆ ಬರೆಯಬೇಕಾದ ಕಂಪನಿಗೂ, ಕೈಗವಸು ಮುಖವಸ್ತ್ರ ಕೊಡಬೇಕಾದ ಮಾಲೀಕರಿಗೂ ಅವನು ನೆರೆಯವನೇ.

ಪಡ್ರೆಯ ಡಾಕ್ಟರು

ಕೀಟನಾಶಕದ ಮಾತು ಬಂದಾಗ ಕನ್ನಡಿಗರು ಕಾಸರಗೋಡನ್ನು ಮರೆಯುವಂತಿಲ್ಲ. ಕೇರಳದ ಆ ಗಡಿ ಜಿಲ್ಲೆಯ ಗುಡ್ಡಗಳಲ್ಲಿ ಅಲ್ಲಿನ ಸರ್ಕಾರಿ ಒಡೆತನದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳಿವೆ. ಗೇರಿನ ಚಿಗುರು ಹೀರುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್ ಮೂಲಕ ಎಂಡೋಸಲ್ಫಾನ್ ಸುರಿಯಲಾಯಿತು. ತೋಟದ ಬುಡದಲ್ಲೇ ಮನೆ, ಶಾಲೆ, ತೋಡು, ಬಾವಿ. ಮೇಲಿಂದ ಬಿದ್ದದ್ದು ಗಿಡಕ್ಕಷ್ಟೇ ಬೀಳುವುದಿಲ್ಲವಲ್ಲ.

ಎಣ್ಮಕಜೆ ಪಂಚಾಯಿತಿಯ ಪಡ್ರೆ ಕನ್ನಡ ಮಾತಾಡುವವರ ಊರು. ಅಲ್ಲಿನ ವಾಣಿನಗರದಲ್ಲಿ 1980ರ ದಶಕದಿಂದ ವೃತ್ತಿ ನಡೆಸಿದ ಡಾ. ವೈ.ಎಸ್. ಮೋಹನ ಕುಮಾರ್ ನನ್ನಂತೆಯೇ ಸಾಮಾನ್ಯ ವೈದ್ಯರು. ಇಷ್ಟು ಚಿಕ್ಕ ಊರಿನಲ್ಲಿ ಇಷ್ಟೊಂದು ಬುದ್ಧಿಮಾಂದ್ಯ ಮಕ್ಕಳು, ಅಪಸ್ಮಾರ, ಹುಟ್ಟು ಅಂಗವೈಕಲ್ಯ, ಕ್ಯಾನ್ಸರ್ ಏಕೆ ಎಂಬ ಪ್ರಶ್ನೆ ಅವರನ್ನು ಕಾಡಿತು. ಕಾರಣ ತಕ್ಷಣ ಹೊಳೆಯಲಿಲ್ಲ. ಆದರೂ ಅವರು ಬರೆದಿಟ್ಟುಕೊಂಡರು, ವೈದ್ಯ ಬಳಗದ ಸಹಾಯ ಕೇಳಿದರು. ಅದೇ ಊರಿನ ಪತ್ರಕರ್ತ ಶ್ರೀಪಡ್ರೆ ಪತ್ರಿಕೆಗಳಲ್ಲಿ ಬರೆದರು. ದೊಡ್ಡ ಆಸ್ಪತ್ರೆಯ ತಜ್ಞರಿಗೆ ಒಬ್ಬೊಬ್ಬ ರೋಗಿ ಕಾಣುತ್ತಾನೆ. ಹಳ್ಳಿಯ ಡಾಕ್ಟರಿಗೆ ಊರು ಕಾಣುತ್ತದೆ. ನಮ್ಮ ವೃತ್ತಿಯ ಬಗ್ಗೆ ಹೆಮ್ಮೆಪಡುವ ಸಂಗತಿಗಳು ಈಚೆಗೆ ಕಡಿಮೆ, ಆದ್ದರಿಂದ ಇದನ್ನು ಸ್ವಲ್ಪ ಒತ್ತಿ ಹೇಳುತ್ತಿದ್ದೇನೆ.

ಕಾನೂನಿನ ಬಾಗಿಲನ್ನು ತಟ್ಟಿದವರಲ್ಲಿ ಮುಖ್ಯರು ಪೆರಿಯದ ಲೀಲಾಕುಮಾರಿ ಅಮ್ಮ. ಕೃಷಿ ಇಲಾಖೆಯಲ್ಲೇ ಕೆಲಸದಲ್ಲಿದ್ದ ಹೆಣ್ಣುಮಗಳು. ಅವರು ಪರಿಹಾರದ ದುಡ್ಡಿಗಿಂತ ಮೊದಲು ಸಿಂಪಡಣೆ ನಿಲ್ಲಿಸಿ ಎಂದು ಕೇಳಿದರು. 1998ರಲ್ಲಿ ಹೊಸದುರ್ಗದ ಮುನ್ಸಿಫ್ ಕೋರ್ಟು ತಾತ್ಕಾಲಿಕ ತಡೆಯಾಜ್ಞೆ ಕೊಟ್ಟಿತು. ಟಾರ್ಟ್ ಕಾನೂನಿನ ಇನ್ನೊಂದು ಉದ್ದೇಶ ಇಲ್ಲಿ ಕಾಣುತ್ತದೆ: ಹಾನಿಯಾಗುವ ತನಕ ಕಾಯಬೇಕಿಲ್ಲ, ಆಗುತ್ತಿರುವ ಹಾನಿಯನ್ನು ತಡೆಯಿರಿ ಎಂದೂ ಕೇಳಬಹುದು. ಔಷಧಕ್ಕೆ ಸರ್ಕಾರದ ಪರವಾನಗಿ ಇದೆ ಎಂಬ ಮಾತ್ರಕ್ಕೆ ಅದನ್ನು ಪಕ್ಕದ ಮನೆಯ ಬಾವಿಗೆ ಸುರಿಯುವ ಹಕ್ಕು ಬಂದಂತಾಗುವುದಿಲ್ಲ.

‘ಅದರಿಂದಲೇ’ ಎಂದು ಹೇಳುವುದು ಹೇಗೆ?

ಇಲ್ಲಿಂದ ಮುಂದೆ ದಾರಿ ಕಡಿದು. ಎಂಡೋಸಲ್ಫಾನ್ ಕುಡಿದವನಿಗೆ ಗಂಟೆಯೊಳಗೆ ಫಿಟ್ಸ್ ಬಂದರೆ ಕಾರಣ ಯಾವುದೆಂದು ಯಾರೂ ತಕರಾರು ಮಾಡುವುದಿಲ್ಲ. ಇಪ್ಪತ್ತು ವರ್ಷ ಗಾಳಿಯಲ್ಲಿ, ನೀರಿನಲ್ಲಿ ಇಷ್ಟಿಷ್ಟೇ ಸೇರಿದ ವಿಷದಿಂದ ಈ ಮಗು ಹೀಗೆ ಹುಟ್ಟಿತು ಎನ್ನುವುದು ಬೇರೆಯೇ ಮಾತು. ಇಂಥ ಮಕ್ಕಳು ಸಿಂಪಡಣೆ ಇಲ್ಲದ ಊರುಗಳಲ್ಲೂ ಹುಟ್ಟುತ್ತಾರೆ.

ಆದ್ದರಿಂದ ಹೋಲಿಸಿ ನೋಡಬೇಕು. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಮಾಡಿದ್ದು ಇದನ್ನೇ. ಗೇರು ತೋಟದ ಬುಡದ ಹಳ್ಳಿಯ 117 ಮಂದಿ ಶಾಲಾ ಹುಡುಗರನ್ನೂ, ಸಿಂಪಡಣೆ ನಡೆಯದ ಊರಿನ 90 ಹುಡುಗರನ್ನೂ ಪರೀಕ್ಷಿಸಿದರು. ಮೊದಲ ಗುಂಪಿನವರ ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚಾಗಿತ್ತು, ಅವರು ಪ್ರಾಯಕ್ಕೆ ಬರುವುದು ತಡವಾಗಿತ್ತು. 2003ರಲ್ಲಿ ಇದು ಪ್ರಕಟವಾಯಿತು. ಸರ್ಕಾರಿ ಸಮಿತಿಗಳಲ್ಲಿ ಎಲ್ಲವೂ ಒಂದೇ ಮಾತು ಹೇಳಲಿಲ್ಲ. ಕಾಯಿಲೆಗಳಿಗೂ ಸಿಂಪಡಣೆಗೂ ಸಂಬಂಧ ಸಿದ್ಧವಾಗಿಲ್ಲ ಎಂದ ಸಮಿತಿಯೂ ಇತ್ತು.

ಅನುಮಾನವನ್ನೇ ಸಾಕ್ಷ್ಯವೆಂದು ತಿಳಿಯುವುದೂ ಅಪಾಯ. ನಮ್ಮದೇ ರಾಜ್ಯದ ಹಂದಿಗೋಡು ಕಾಯಿಲೆಯನ್ನು ನೋಡಿ. 1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಆ ಹಳ್ಳಿಯಲ್ಲಿ ಸೊಂಟ, ಮಂಡಿಯ ಕೀಲುಗಳು ಸವೆದು ಜನ ನಡೆಯಲಾರದೆ ತೆವಳತೊಡಗಿದಾಗ ಗದ್ದೆಗೆ ಹೊಡೆದ ಕೀಟನಾಶಕ, ಆ ಗದ್ದೆಯ ಏಡಿ ತಿಂದದ್ದು ಕಾರಣವಿರಬಹುದೆಂದು ಮೊದಲು ಶಂಕಿಸಿದರು. ಮುಂದಿನ ಸಂಶೋಧನೆಗಳು ಅದು ವಂಶಪಾರಂಪರ್ಯವಾಗಿ ಬರುವ ಮೂಳೆಯ ದೋಷವೆಂಬ ಕಡೆಗೆ ಬೊಟ್ಟುಮಾಡಿದವು. ಹಂದಿಗೋಡಿನಲ್ಲಿ ಔಷಧ ಕಂಪನಿಯ ಮೇಲೆ ದಾವೆ ಹೂಡಿದ್ದರೆ ಏನಾಗುತ್ತಿತ್ತೆಂದು ಊಹಿಸಿಕೊಳ್ಳಬಹುದು.

ಸಮಾಧಾನದ ಸಂಗತಿಯೆಂದರೆ ಸಿವಿಲ್ ಕೋರ್ಟಿನ ತಕ್ಕಡಿ ಕ್ರಿಮಿನಲ್ ಕೋರ್ಟಿನಷ್ಟು ಬಿಗಿಯಲ್ಲ. ಸಂಶಯಕ್ಕೆ ಎಡೆಯೇ ಇಲ್ಲದಂತೆ ಸಾಬೀತು ಮಾಡಬೇಕಿಲ್ಲ. ಹಾಗಾಗಿರುವ ಸಂಭವವೇ ಹೆಚ್ಚು ಎಂದು ತೋರಿಸಿದರೆ ಸಾಕು. ಅಪಾಯಕಾರಿ ಉದ್ದಿಮೆಗಳ ವಿಷಯದಲ್ಲಂತೂ ನಮ್ಮ ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಭೋಪಾಲ ದುರಂತ ನಡೆದದ್ದು 1984ರ ಡಿಸೆಂಬರಿನಲ್ಲಿ. ಮರುವರ್ಷ ಅದೇ ತಿಂಗಳು ದಿಲ್ಲಿಯ ಕಾರ್ಖಾನೆಯೊಂದರಿಂದ ಓಲಿಯಂ ಅನಿಲ ಸೋರಿತು. ಆ ಪ್ರಕರಣದಲ್ಲಿ, ಇಂಥ ಅಪಾಯದ ವಸ್ತುವನ್ನು ಇಟ್ಟುಕೊಂಡು ಲಾಭ ಮಾಡುವವನು ‘ನಾನು ಎಚ್ಚರವಾಗಿಯೇ ಇದ್ದೆ’ ಎಂದು ನುಣುಚಿಕೊಳ್ಳುವಂತಿಲ್ಲ, ಹಾನಿಯಾದರೆ ತುಂಬಿಕೊಡಲೇಬೇಕು ಎಂದು 1986ರಲ್ಲಿ ತೀರ್ಪಾಯಿತು. ಕಂಪನಿ ದೊಡ್ಡದಾದಷ್ಟೂ ಪರಿಹಾರವೂ ದೊಡ್ಡದಿರಬೇಕು ಎಂದೂ ಹೇಳಿತು. ಪರಿಹಾರ ಕೊಡುವವನಿಗೆ ಚುರುಕು ಮುಟ್ಟದಿದ್ದರೆ ಮುಂದಿನ ಸಲ ಅವನೇಕೆ ಎಚ್ಚರ ವಹಿಸುತ್ತಾನೆ?

ಕಾಸರಗೋಡಿನಲ್ಲಿ ಮಾತ್ರ ಕಾಲ ಬಹಳ ಹಿಡಿಯಿತು. 2010ರ ಕೊನೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಪರಿಹಾರಕ್ಕೆ ಶಿಫಾರಸು ಮಾಡಿತು. 2011ರ ಮೇ 13ರಂದು ಸುಪ್ರೀಂ ಕೋರ್ಟು ಎಂಡೋಸಲ್ಫಾನನ್ನು ದೇಶಾದ್ಯಂತ ತಡೆಹಿಡಿಯಿತು. (ಅಲ್ಲಿಯವರೆಗೆ ನಮ್ಮ ತೊಗರಿಯ ಕಾಯಿಕೊರಕಕ್ಕೂ ಇದೇ ಔಷಧ ಹೊಡೆಯುತ್ತಿದ್ದರೆಂಬುದು ಎಷ್ಟು ಜನರಿಗೆ ನೆನಪಿದೆಯೋ!) 2017ರ ಜನವರಿ 10ರಂದು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು 3 ತಿಂಗಳೊಳಗೆ ಕೊಡಿ ಎಂದು ಕೇರಳ ಸರ್ಕಾರಕ್ಕೆ ಆದೇಶವಾಯಿತು. ಐದು ವರ್ಷದ ನಂತರ, 2022ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ವಿಚಾರಿಸಿದಾಗ 3,704 ಮಂದಿಯಲ್ಲಿ ದುಡ್ಡು ಮುಟ್ಟಿದ್ದು 8 ಮಂದಿಗೆ. ಆ ಎಂಟು ಮಂದಿ ಮತ್ತೆ ಕೋರ್ಟಿಗೆ ಹೋದವರು. ನ್ಯಾಯಮೂರ್ತಿಗಳು ಕಟುವಾಗಿ ಮಾತಾಡಿದ ಮೇಲೆ ಹಂಚಿಕೆ ಚುರುಕಾಯಿತು. ಅಷ್ಟರಲ್ಲಿ ಎಷ್ಟೋ ತಾಯಂದಿರು ಮುದುಕಿಯರಾಗಿದ್ದರು. ಮೂವತ್ತು ವರ್ಷದ ಮಗನನ್ನು ಎತ್ತಿ ಸ್ನಾನ ಮಾಡಿಸುವ ತಾಯಿಗೆ ಹೆಚ್ಚು ಬೇಕಾದದ್ದು ತನ್ನ ನಂತರ ಇವನನ್ನು ನೋಡುವವರು ಯಾರು ಎಂಬುದಕ್ಕೆ ಉತ್ತರ. 5 ಲಕ್ಷದಲ್ಲಿ ಆ ಉತ್ತರ ಪೂರ್ತಿ ಸಿಗುವುದಿಲ್ಲ. ದಕ್ಷಿಣ ಕನ್ನಡದ ಕೊಕ್ಕಡದ ಸುತ್ತಮುತ್ತ ಗೇರು ತೋಟಗಳ ಪಕ್ಕದಲ್ಲಿ ನೊಂದವರಿಗೆ ನಮ್ಮ ರಾಜ್ಯ ಮಾಸಾಶನದ ವ್ಯವಸ್ಥೆ ಮಾಡಿದೆ. ಒಂದೇ ಸಲದ ಇಡಿಗಂಟಿಗಿಂತ ತಿಂಗಳು ತಿಂಗಳು ಬರುವ ದುಡ್ಡು ಇಂಥ ಮನೆಗಳಿಗೆ ಹೆಚ್ಚು ಆಸರೆ ಎಂಬುದು ನನ್ನ ಅಭಿಪ್ರಾಯ.

ವೈದ್ಯರಿಗೂ ಇದೇ ತಕ್ಕಡಿ

ಕಂಪನಿಗೆ, ಸರ್ಕಾರಕ್ಕೆ ಒಂದು ನ್ಯಾಯ, ನಮಗೊಂದು ನ್ಯಾಯ ಎಂದು ವೈದ್ಯರು ಹೇಳುವಂತಿಲ್ಲ. ಹಳೆಯ ಹೈದರಾಬಾದ್ ಸಂಸ್ಥಾನದಲ್ಲಿ ನಮ್ಮ ಜತೆಗಿದ್ದ ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ 1963ರಲ್ಲಿ ಬಾಣಂತಿಯೊಬ್ಬಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯಾಯಿತು. ಜ್ವರ, ನೋವು ಇಳಿಯಲಿಲ್ಲ. ಮತ್ತೆ ಹೊಟ್ಟೆ ತೆರೆದು ನೋಡಿದರೆ ಒಳಗೆ ಬಟ್ಟೆ ಉಳಿದುಬಿಟ್ಟಿತ್ತು. ಆಕೆ ಬದುಕಲಿಲ್ಲ. ಇಂಥಲ್ಲಿ ತಪ್ಪನ್ನು ಬಿಡಿಸಿ ಸಾಬೀತು ಮಾಡಬೇಕಿಲ್ಲ, ಹೊಟ್ಟೆಯೊಳಗಿನ ಬಟ್ಟೆಯೇ ಸಾಕ್ಷಿ ನುಡಿಯುತ್ತದೆ. ಆದರೂ ಕೆಳಗಿನ ಕೋರ್ಟು ಕೊಟ್ಟಿದ್ದ 36,000 ರೂಪಾಯಿ ಪರಿಹಾರ ಸುಪ್ರೀಂ ಕೋರ್ಟಿನಲ್ಲಿ ಗಟ್ಟಿಯಾದದ್ದು 1996ರಲ್ಲಿ. ಆಸ್ಪತ್ರೆ ಸರ್ಕಾರದ್ದಾದ್ದರಿಂದ ಹೊಣೆ ಸರ್ಕಾರದ್ದು ಎಂದಿತು. ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ ನೋಡುತ್ತಾರೆ, ಕೇಳುವ ಹಾಗಿಲ್ಲ ಎಂದುಕೊಂಡವರು ಇದನ್ನು ಗಮನಿಸಬೇಕು. ಎಲ್ಲರಿಗೂ ಪುಕ್ಕಟೆ ಚಿಕಿತ್ಸೆ ಕೊಡುವ ಆಸ್ಪತ್ರೆಯ ವಿಷಯದಲ್ಲಿ ಗ್ರಾಹಕರ ಆಯೋಗದ ದಾರಿ ಇಲ್ಲದಿದ್ದರೂ ಸಿವಿಲ್ ಕೋರ್ಟಿನ ದಾರಿ ಇದ್ದೇ ಇದೆ.

ಹಾಗೆಂದು ರೋಗಿ ತೀರಿಕೊಂಡ ಮಾತ್ರಕ್ಕೆ ವೈದ್ಯ ತಪ್ಪಿತಸ್ಥನಾಗುವುದಿಲ್ಲ. ಅದೇ ವಿದ್ಯೆ ಕಲಿತ ಸಾಮಾನ್ಯ ವೈದ್ಯ ಅಂಥ ಪರಿಸ್ಥಿತಿಯಲ್ಲಿ ತೋರುವಷ್ಟು ಎಚ್ಚರ, ಕೌಶಲ ತೋರಿದ್ದಾನೆಯೇ ಎಂಬುದೇ ಅಳತೆ. ಜೇವರ್ಗಿಯ ಎಂಬಿಬಿಎಸ್ ಡಾಕ್ಟರನಿಂದ ಬೆಂಗಳೂರಿನ ಹೃದ್ರೋಗ ತಜ್ಞನ ಕೈಚಳಕವನ್ನು ಕಾನೂನು ಕೇಳುವುದಿಲ್ಲ. ತನ್ನಿಂದಾಗದ ಕೇಸನ್ನು ಕೂಡಲೇ ಮುಂದಕ್ಕೆ ಕಳಿಸಿದನೇ ಎಂದು ಮಾತ್ರ ಕೇಳೀತು. ಕಲ್ಲು ತೂರುವುದು, ದವಾಖಾನೆಯ ಗಾಜು ಒಡೆಯುವುದು ಯಾವ ಪರಿಹಾರವನ್ನೂ ತಂದುಕೊಡುವುದಿಲ್ಲ. ಇದ್ದ ದಾವೆಯನ್ನೂ ಕೆಡಿಸುತ್ತದೆ.

ಮೊದಲು ಜೀವ, ಆಮೇಲೆ ಕಾಗದ

ಮತ್ತೆ ತೊಗರಿ ಹೊಲಕ್ಕೆ ಬರೋಣ. ಎಣ್ಣಿ ಹೊಡೆಯುವವನಿಗೆ ತಲೆ ಸುತ್ತಿದರೆ, ವಾಂತಿಯಾದರೆ ಕೂಡಲೇ ಹೊಲದಿಂದ ಆಚೆ ಗಾಳಿಯಾಡುವ ಕಡೆ ತನ್ನಿ. ಬಟ್ಟೆ ತೆಗೆದು ಸೋಪು ಹಚ್ಚಿ ಮೈ, ಕೂದಲು ಚೆನ್ನಾಗಿ ತೊಳೆಯಿರಿ. ತೊಳೆಯುವವರು ಕೈಗೆ ಗವಸು ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲವನ್ನಾದರೂ ಕಟ್ಟಿಕೊಳ್ಳಬೇಕು. ವಾಂತಿ ಮಾಡಿಸಲು ಉಪ್ಪುನೀರು, ಹುಣಸೆನೀರು ಕುಡಿಸಬೇಡಿ. ಅದು ಶ್ವಾಸಕೋಶಕ್ಕೆ ಹೋದರೆ ಇನ್ನೊಂದು ಅನಾಹುತ. ಡಬ್ಬಿಯನ್ನು ಬಾಯಿ ಬಿಗಿಯಾಗಿ ಮುಚ್ಚಿ ದವಾಖಾನೆಗೆ ತನ್ನಿ. ಅದರ ಮೇಲಿನ ತ್ರಿಕೋನದ ಬಣ್ಣ ಕೆಂಪಾದರೆ ಅತ್ಯಂತ ಘೋರ ವಿಷ, ಹಳದಿ ಅದಕ್ಕಿಂತ ಕಡಿಮೆ, ನಂತರ ನೀಲಿ, ಹಸಿರು. ಯಾವ ವಿಷವೆಂದು ತಿಳಿದರೆ ಚಿಕಿತ್ಸೆ ಬೇಗ ಸರಿದಾರಿಗೆ ಬೀಳುತ್ತದೆ. ಎಲ್ಲ ವಿಷಕ್ಕೂ ಅಟ್ರೋಪಿನ್ ಮದ್ದಲ್ಲ.

ಆ ಡಬ್ಬಿಯೇ ಮುಂದೆ ಸಾಕ್ಷಿ ಕೂಡ. ‘ಬಿಸಿಲು ಬಡದದ’ ಎಂಬ ಮಾತಿನ ಅಪಾಯ ಇಲ್ಲಿದೆ. ನೀವು ಹೇಳಿದ್ದನ್ನೇ ವೈದ್ಯ ಕೇಸ್ ಪೇಪರಿನಲ್ಲಿ ಬರೆಯುತ್ತಾನೆ. ಆರು ತಿಂಗಳ ಮೇಲೆ ಪರಿಹಾರ ಕೇಳಿದಾಗ ಎದುರಿನ ವಕೀಲರು ಎತ್ತಿ ತೋರಿಸುವುದು ಆ ಹಾಳೆಯನ್ನೇ. ವಿಷದ ಕೇಸನ್ನು ಪೊಲೀಸರಿಗೆ ತಿಳಿಸುವುದು ವೈದ್ಯರ ಕರ್ತವ್ಯ. ಅದು ರೋಗಿಯ ಮೇಲೆ ಹಾಕುವ ಕೇಸಲ್ಲ. ಸಿಂಪಡಿಸುವಾಗ ಆದದ್ದು, ಯಾರ ಹೊಲ, ಯಾವ ಔಷಧ, ಎಷ್ಟು ಹೊತ್ತಿಗೆ ಎಂದು ಆ ದಿನವೇ ದಾಖಲಾದರೆ ‘ತಾನೇ ಕುಡಿದಿರಬೇಕು’ ಎಂಬ ಮಾತಿಗೆ ಅದೇ ಉತ್ತರವಾಗುತ್ತದೆ. ಅಂಗಡಿಯ ಬಿಲ್ಲು, ಮಾತ್ರೆಗಳ ಚೀಟಿ, ಡಿಸ್ಚಾರ್ಜ್ ಕಾರ್ಡು ಒಂದನ್ನೂ ಬಿಸಾಡಬೇಡಿ. ಒಳರೋಗಿಯ ದಾಖಲೆಗಳನ್ನು ವೈದ್ಯರು 3 ವರ್ಷ ಇಟ್ಟಿರಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು 2002ರ ವೈದ್ಯಕೀಯ ಪರಿಷತ್ತಿನ ನಿಯಮವೇ ಹೇಳುತ್ತದೆ. ಕೇಳಲು ಸಂಕೋಚ ಬೇಡ.

ಮುಖವಸ್ತ್ರ ಕೊಟ್ಟರೂ ಹಾಕಿಕೊಳ್ಳದೆ, ಗಾಳಿಗೆ ಎದುರಾಗಿ ನಿಂತು, ನಡುನಡುವೆ ಬೀಡಿ ಸೇದುತ್ತ ಎಣ್ಣಿ ಹೊಡೆದವನ ಪಾಲಿಗೂ ಒಂದಿಷ್ಟು ತಪ್ಪು ಬರುತ್ತದೆ, ಪರಿಹಾರದಲ್ಲಿ ಅಷ್ಟು ಕಡಿತವಾಗಬಹುದು. ಪೂರ್ತಿ ಹೋಗಿಬಿಡುವುದಿಲ್ಲ.

ಕಾಲಮಿತಿಯೊಂದು ನೆನಪಿರಲಿ. ಗ್ರಾಹಕರ ಆಯೋಗಕ್ಕೆ ಹೋಗುವುದಾದರೆ 2 ವರ್ಷದೊಳಗೆ ಹೋಗಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೋಷದ ಮಾಲಿಗೆ, ಸರಿಯಾದ ಎಚ್ಚರಿಕೆ ಬರೆಯದ ಮಾಲಿಗೆ ತಯಾರಕನನ್ನು ಹೊಣೆ ಮಾಡುವ ಅಧ್ಯಾಯವೇ ಇದೆ. ಸಾವು ಸಂಭವಿಸಿದ್ದರೆ ಗಂಡ, ಹೆಂಡತಿ, ತಂದೆತಾಯಿ, ಮಕ್ಕಳ ಪರವಾಗಿ ದಾವೆ ಹೂಡಲು 1855ರಷ್ಟು ಹಳೆಯ ಮಾರಕ ಅಪಘಾತಗಳ ಕಾಯ್ದೆ ಇನ್ನೂ ಉಪಯೋಗಕ್ಕಿದೆ. ಅಲ್ಲೂ ಸಾವಿನ ದಿನದಿಂದ 2 ವರ್ಷ.

ವಕೀಲರಿಗೆ ಕೊಡಲು ದುಡ್ಡೆಲ್ಲಿದೆ ಎಂದು ಅನೇಕರು ಕೇಳುತ್ತಾರೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು ಇವರಿಗೆಲ್ಲ ಆದಾಯ ಎಷ್ಟೇ ಇರಲಿ ಪುಕ್ಕಟೆ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಹೇಳುತ್ತದೆ. ಉಳಿದ ಬಡವರಿಗೆ ಆದಾಯದ ಮಿತಿ ನೋಡಿ ಕೊಡುತ್ತಾರೆ. ಇದಕ್ಕೆ ಕಲಬುರಗಿಗೇ ಹೋಗಬೇಕೆಂದಿಲ್ಲ. ತಾಲ್ಲೂಕಿನ ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ. ಹೋಗುವಾಗ ದವಾಖಾನೆಯ ಕಾಗದಗಳ ಒಂದು ಝೆರಾಕ್ಸ್ ಪ್ರತಿ ಮನೆಯಲ್ಲಿಟ್ಟು ಹೋಗಿ.